ಹುಟ್ಟಲಿರುವ ಕೂಸು ಮತ್ತು ಮನೆಯ ಹೊಗೆಸೊಪ್ಪು

ಬಸುರಿ ಹೆಂಗಸು ಧೂಮಪಾನ ಮಾಡಿದರೆ ಹುಟ್ಟುವ ಕೂಸಿಗೆ ಕೇಡಾಗುತ್ತದೆ ಎಂಬುದು ಇಂದು ವೈದ್ಯಶಾಸ್ತ್ರದಲ್ಲಿ ಸಂಶಯಕ್ಕೆ ಎಡೆಯಿಲ್ಲದ ಸಂಗತಿ. ಆದರೆ ಈ ಮಾತನ್ನು ದಾವಣಗೆರೆಯಲ್ಲೋ ಹರಿಹರದಲ್ಲೋ ಆಡಿದಾಗ, ಕೇಳುವ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿ ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯುವುದು ಸಹಜ. ಏಕೆಂದರೆ ಮಧ್ಯ ಕರ್ನಾಟಕದ ಈ ಊರುಗಳಲ್ಲಿ ಬೀಡಿ, ಸಿಗರೇಟು ಸೇದುವ ಹೆಂಗಸರು ತೀರ ವಿರಳ. 2016–17ರಲ್ಲಿ ಕೇಂದ್ರ ಸರ್ಕಾರ ನಡೆಸಿದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲೇ ಸೇದುವ ಹೆಂಗಸರು ನೂರಕ್ಕೆ ಇಬ್ಬರು ಮಾತ್ರ. ಆದರೆ ಅದೇ ಸಮೀಕ್ಷೆಯು ಹೊಗೆಯಿಲ್ಲದ ತಂಬಾಕನ್ನು, ಅಂದರೆ ಜಗಿಯುವ, ಹಲ್ಲಿಗೆ ತಿಕ್ಕುವ ಅಥವಾ ಮೂಗಿಗೆ ಏರಿಸುವ ತಂಬಾಕನ್ನು ಬಳಸುವ ಹೆಂಗಸರು ನೂರಕ್ಕೆ ಸುಮಾರು 13 ಎಂದೂ, ಮನೆಯೊಳಗೆ ಇನ್ನೊಬ್ಬರ ಬೀಡಿ ಸಿಗರೇಟಿನ ಹೊಗೆಗೆ ಮೈಯೊಡ್ಡುವ ವಯಸ್ಕರು ನೂರಕ್ಕೆ ಸುಮಾರು 39 ಎಂದೂ ಹೇಳುತ್ತದೆ. ಈ ಎರಡು ಅಂಕಿಗಳನ್ನು ಮೊದಲಿನದರ ಪಕ್ಕದಲ್ಲಿಟ್ಟು ನೋಡಿದವರಿಗೆ, ಸೇದದ ತಾಯಿಯ ಗರ್ಭಕ್ಕೂ ತಂಬಾಕು ತಲುಪಬಲ್ಲದೆಂಬುದು ತಾನಾಗಿ ತಿಳಿಯುತ್ತದೆ.

ಆದ್ದರಿಂದ ದಾವಣಗೆರೆ, ಹರಿಹರಗಳ ಮಟ್ಟಿಗೆ ಗರ್ಭಿಣಿಯ ಧೂಮಪಾನ ಎಂಬ ವಿಷಯವನ್ನು ಗರ್ಭಿಣಿಯೊಬ್ಬಳ ನಡತೆಯ ಪ್ರಶ್ನೆಯಾಗಿ ಕಾಣುವುದು ತಪ್ಪಾಗುತ್ತದೆ. ಅದನ್ನು ಇಡೀ ಮನೆಯ ಪ್ರಶ್ನೆಯಾಗಿ ಕಾಣಬೇಕಾಗುತ್ತದೆ. ಇಲ್ಲಿ ತಂಬಾಕು ಗರ್ಭದ ಕೂಸನ್ನು ಮುಖ್ಯವಾಗಿ ಮೂರು ದಾರಿಗಳಿಂದ ಸೇರುತ್ತದೆ. ಮನೆಯ ಗಂಡಸರು ಸೇದುವ ಬೀಡಿ, ಸಿಗರೇಟಿನ ಹೊಗೆ ಒಂದನೆಯದು. ಎಲೆ ಅಡಿಕೆಯ ಜೊತೆಗೋ ಗುಟ್ಕಾದ ರೂಪದಲ್ಲೋ ಹೆಂಗಸರು ಬಾಯಿಗೆ ಹಾಕಿಕೊಳ್ಳುವ ಹೊಗೆಸೊಪ್ಪು ಎರಡನೆಯದು. ಹೊಟ್ಟೆಪಾಡಿಗಾಗಿ ಮನೆಯಲ್ಲೇ ಕೂತು ಬೀಡಿ ಕಟ್ಟುವ ಕೆಲಸ ಮೂರನೆಯದು. ಈ ದಾರಿಗಳನ್ನು ಒಂದೊಂದಾಗಿ ನೋಡುವ ಮೊದಲು, ತಂಬಾಕು ಗರ್ಭದೊಳಗೆ ಮಾಡುವ ಕೆಲಸವೇನೆಂಬುದನ್ನು ಅರಿಯುವುದು ಅಗತ್ಯ.

ಗರ್ಭದಲ್ಲಿರುವ ಕೂಸು ತಾನಾಗಿ ಉಸಿರಾಡುವುದಿಲ್ಲ, ಉಣ್ಣುವುದಿಲ್ಲ. ಅದಕ್ಕೆ ಬೇಕಾದ ಪ್ರಾಣವಾಯು ಮತ್ತು ಆಹಾರಾಂಶಗಳೆಲ್ಲ ತಾಯಿಯ ರಕ್ತದಿಂದ ಮಾಸಿನ ಮೂಲಕ ಹೊಕ್ಕುಳಬಳ್ಳಿಗೆ ಇಳಿದು ಅದರ ಮೈ ಸೇರುತ್ತವೆ. ಮಾಸು ಅಥವಾ ಜರಾಯು ಎಂದರೆ ಗರ್ಭಕೋಶದ ಗೋಡೆಗೆ ಅಂಟಿಕೊಂಡು ಬೆಳೆದು ಹೆರಿಗೆಯಾದ ಮೇಲೆ ಹೊರಬೀಳುವ ಅಂಗ. ಅದು ಕೆಲವು ವಸ್ತುಗಳನ್ನು ತಡೆಯಬಲ್ಲದಾದರೂ ತಂಬಾಕಿನ ವಿಷಗಳಲ್ಲಿ ಬಹಳಷ್ಟನ್ನು ತಡೆಯಲಾರದು. ಬೀಡಿ ಸಿಗರೇಟಿನ ಹೊಗೆಯಲ್ಲಿ ಗುರುತಿಸಲಾಗಿರುವ ರಾಸಾಯನಿಕಗಳು 7000ಕ್ಕೂ ಹೆಚ್ಚು. ಅವುಗಳಲ್ಲಿ ಕೂಸಿನ ಬೆಳವಣಿಗೆಗೆ ನೇರವಾಗಿ ಅಡ್ಡ ಬರುವಂಥವು ಮುಖ್ಯವಾಗಿ ಎರಡು: ನಿಕೋಟಿನ್ ಮತ್ತು ಕಾರ್ಬನ್ ಮಾನಾಕ್ಸೈಡ್. ನಿಕೋಟಿನ್ ಎಂಬುದು ತಂಬಾಕಿನ ಎಲೆಯಲ್ಲೇ ಇರುವ, ಚಟ ಹಿಡಿಸುವ ವಸ್ತು. ಅದು ರಕ್ತನಾಳಗಳನ್ನು ಕುಗ್ಗಿಸುವುದರಿಂದ ಮಾಸಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಅಷ್ಟಕ್ಕೇ ನಿಲ್ಲದೆ ಅದು ಮಾಸನ್ನು ಸುಲಭವಾಗಿ ದಾಟಿ ಕೂಸಿನ ರಕ್ತದಲ್ಲಿ ತಾಯಿಯ ರಕ್ತದಲ್ಲಿರುವುದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಸೇರಿಕೊಳ್ಳಬಲ್ಲದು.

ಕಾರ್ಬನ್ ಮಾನಾಕ್ಸೈಡ್ ಎಂಬುದು ಯಾವುದೇ ಉರುವಲು ಅರೆಬರೆ ಉರಿದಾಗ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ಅನಿಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವಿಗೆ ಈ ಅನಿಲವು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡ ಹಿಮೋಗ್ಲೋಬಿನ್ ಪ್ರಾಣವಾಯುವನ್ನು ಹೊರಲಾರದು. ಹೀಗೆ ತಾಯಿಯ ಉಸಿರಾಟ ಸರಾಗವಾಗಿದ್ದರೂ ಕೂಸು ಒಳಗೆ ಪ್ರಾಣವಾಯುವಿನ ಕೊರತೆಯಲ್ಲಿ ಬೆಳೆಯಬೇಕಾಗುತ್ತದೆ. ಕರ್ನಾಟಕದ ಬಸುರಿಯರಿಗೆ ಈ ಕೇಡು ಇಮ್ಮಡಿಯಾಗಿ ತಟ್ಟುತ್ತದೆ; 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆಯಿದೆ, ಅಂದರೆ ಅವರ ರಕ್ತದಲ್ಲಿ ಹಿಮೋಗ್ಲೋಬಿನ್ ಮೊದಲೇ ಕಡಿಮೆಯಿದೆ. ಇರುವ ಅಲ್ಪ ಹಿಮೋಗ್ಲೋಬಿನ್ನಿನಲ್ಲಿ ಒಂದು ಪಾಲನ್ನು ಹೊಗೆ ಕಿತ್ತುಕೊಂಡರೆ ಕೂಸಿಗೆ ಉಳಿಯುವುದು ಇನ್ನೂ ಅಲ್ಪ. ಸರ್ಕಾರ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ದಿನವೂ ನುಂಗುವ ಬಸುರಿಯ ಪಕ್ಕದಲ್ಲೇ ಬೀಡಿ ಹೊತ್ತಿಸುವುದೆಂದರೆ, ಆ ಮಾತ್ರೆ ಗಳಿಸಿಕೊಟ್ಟದ್ದನ್ನು ಅಲ್ಲೇ ಕಳೆಯುವುದೆಂದು ಅರ್ಥ.

ಈ ಕೊರತೆಯ ಫಲ ಮೊದಲು ಕಾಣುವುದು ಕೂಸಿನ ತೂಕದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಂಪ್ಸನ್ ಎಂಬ ವೈದ್ಯೆ ಸೇದುವ ತಾಯಂದಿರಿಗೆ ಹುಟ್ಟಿದ ಕೂಸುಗಳು ಕಡಿಮೆ ತೂಕದವೆಂದು 1957ರಲ್ಲಿ ವರದಿ ಮಾಡಿದ ಮೇಲೆ, ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳು ಅದೇ ಮಾತನ್ನು ದೃಢಪಡಿಸಿವೆ. ತೂಕದ ಇಳಿಕೆ ಸರಾಸರಿ 150ರಿಂದ 250 ಗ್ರಾಂ ಎಂದು ಈಗ ಒಪ್ಪಲಾಗಿದೆ. ಇನ್ನೂರು ಗ್ರಾಂ ದೊಡ್ಡದೇನಲ್ಲವೆಂದು ತೋರಬಹುದು. ಆದರೆ ಅದರ ಅರ್ಥ ಕೂಸು ಹುಟ್ಟುವ ನಾಡಿನ ಮೇಲೆ ಅವಲಂಬಿಸಿದೆ. ಹುಟ್ಟಿದಾಗ ಎರಡೂವರೆ ಕೆ.ಜಿ.ಗಿಂತ ಕಡಿಮೆ ತೂಗುವ ಕೂಸನ್ನು ವೈದ್ಯರು ಕಡಿಮೆ ತೂಕದ ಕೂಸು ಎಂದು ಕರೆಯುತ್ತಾರೆ. ಯುರೋಪಿನಲ್ಲಿ ಸುಮಾರು 3.4 ಕೆ.ಜಿ. ತೂಗಬೇಕಾದ ಕೂಸು 200 ಗ್ರಾಂ ಕಳೆದುಕೊಂಡರೂ ಈ ಗೆರೆಯಿಂದ ದೂರವೇ ಉಳಿಯುತ್ತದೆ. ಭಾರತದ ಕೂಸಿನ ಸರಾಸರಿ ತೂಕವೇ ಸುಮಾರು 2.8 ಕೆ.ಜಿ. ಆಗಿರುವಾಗ, ಅದಕ್ಕಿಂತ ಸ್ವಲ್ಪ ಕಡಿಮೆ, 2.6 ಕೆ.ಜಿ. ತೂಗಬಹುದಾಗಿದ್ದ ಕೂಸು ಅದೇ 200 ಗ್ರಾಂ ಕಳೆದುಕೊಂಡು ಗೆರೆಯ ಕೆಳಗೆ ಬೀಳುತ್ತದೆ. ಬಡತನ, ರಕ್ತಹೀನತೆ, ಎಳೆಯ ವಯಸ್ಸಿನ ಬಸಿರು ಇವುಗಳಿಂದ ಮೊದಲೇ ಅಂಚಿನಲ್ಲಿರುವ ಕೂಸನ್ನು ಕೆಳಕ್ಕೆ ತಳ್ಳಲು ತಂಬಾಕಿನ ಸಣ್ಣ ಪೆಟ್ಟು ಸಾಕಾಗುತ್ತದೆ.

ಕಡಿಮೆ ತೂಕದ ಕೂಸಿಗೆ ಚರ್ಮದ ಕೆಳಗಿನ ಕೊಬ್ಬು ಕಡಿಮೆ, ಆದ್ದರಿಂದ ಮೈ ಬೇಗ ತಣ್ಣಗಾಗುತ್ತದೆ. ರಕ್ತದ ಸಕ್ಕರೆ ಕುಸಿಯುತ್ತದೆ. ಮೊಲೆ ಚೀಪುವ ಶಕ್ತಿ ಸಾಲದೆ ಹಾಲು ಹೋಗುವುದಿಲ್ಲ. ಸೋಂಕು ಬೇಗ ತಗಲುತ್ತದೆ. ತಂಬಾಕಿನಿಂದ ಹೆರಿಗೆಯೂ ದಿನ ತುಂಬುವ ಮೊದಲೇ ಆಗುವ ಸಂಭವ ಹೆಚ್ಚು. ಗರ್ಭದ 37 ವಾರ ತುಂಬುವ ಮೊದಲೇ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. ಆಗ ಹುಟ್ಟಿದ ಕೂಸಿನ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅದಕ್ಕೆ ಉಸಿರಾಟವೇ ಕಷ್ಟವಾಗುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಬೆಳೆಯುವುದು, ಹೆರಿಗೆಗೆ ಮುಂಚೆಯೇ ಕಳಚಿಕೊಂಡು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ ತರುವುದು, ಕೂಸು ಗರ್ಭದಲ್ಲೇ ಸಾಯುವುದು ಇವೆಲ್ಲ ಸೇದುವ ತಾಯಂದಿರಲ್ಲಿ ಹೆಚ್ಚಾಗಿ ಕಂಡಿವೆ. ಬಸಿರಿನ ಆರಂಭದ ವಾರಗಳ ಧೂಮಪಾನ ಸೀಳುತುಟಿ ಮತ್ತು ಸೀಳು ಅಂಗುಳಿಗೆ ಕಾರಣವಾಗುತ್ತದೆಂದು ಅಮೆರಿಕದ ಸರ್ಜನ್ ಜನರಲ್ ಕಚೇರಿಯ 2014ರ ವರದಿ ತೀರ್ಮಾನಿಸಿದೆ. ಗ್ರಹಣದ ದಿನ ಬಸುರಿ ಹೊರಗೆ ಬಂದರೆ ಕೂಸಿನ ತುಟಿ ಸೀಳುತ್ತದೆಂದು ಆಕೆಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸುವ ಮನೆಗಳಿವೆ. ಆ ಕೋಣೆಯ ಪಕ್ಕದಲ್ಲೇ ದಿನವೂ ಉರಿಯುವ ಬೀಡಿಯ ಕಡೆಗೆ ಅಷ್ಟೇ ಎಚ್ಚರ ಹರಿಯಬೇಕಾದುದು ನ್ಯಾಯ.

ಹುಟ್ಟಿದ ಮೇಲೆಯೂ ತಂಬಾಕಿನ ಪ್ರಭಾವ ಮುಗಿಯುವುದಿಲ್ಲ. ಗರ್ಭದಲ್ಲಿ ನಿಕೋಟಿನ್ನಿಗೆ ಒಗ್ಗಿದ ಕೂಸು ಹುಟ್ಟಿದ ಮೊದಲ ದಿನಗಳಲ್ಲಿ ಹೆಚ್ಚು ಹಟ ಮಾಡುವುದು, ನಡುಗುವುದು, ಮೈ ಬಿಗಿ ಹಿಡಿಯುವುದು, ಎಷ್ಟು ಸಂತೈಸಿದರೂ ಸುಮ್ಮನಾಗದಿರುವುದು ಕಂಡುಬಂದಿದೆ. ಯಾವ ಕಾಯಿಲೆಯ ಸುಳಿವೂ ಇಲ್ಲದ ಕೂಸು ನಿದ್ದೆಯಲ್ಲೇ ತೀರಿಕೊಳ್ಳುವ ಹಠಾತ್ ಶಿಶುಮರಣವೂ ಇಂಥ ಕೂಸುಗಳಲ್ಲಿ ಹೆಚ್ಚು. ಗರ್ಭದಲ್ಲಿ ಸಣ್ಣದಾಗಿ ಬೆಳೆದ ಶ್ವಾಸನಾಳಗಳ ಫಲವಾಗಿ ಮುಂದೆ ಉಬ್ಬಸ, ಪದೇ ಪದೇ ಕೆಮ್ಮು ಕಾಡುತ್ತವೆ. ತಂಬಾಕು ಬಳಸುವ ತಾಯಿಯ ಎದೆಹಾಲಿನಲ್ಲಿ ನಿಕೋಟಿನ್ ಆಕೆಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿ ಸೇರುತ್ತದೆ. ಇಷ್ಟಾದರೂ ಎದೆಹಾಲು ನಿಲ್ಲಿಸಬೇಕೆಂದು ವೈದ್ಯರು ಹೇಳುವುದಿಲ್ಲ, ಬಿಡಬೇಕಾದದ್ದು ತಂಬಾಕನ್ನು.

ಇನ್ನು ಮೂರು ದಾರಿಗಳಲ್ಲಿ ಮೊದಲನೆಯದು ಮನೆಯ ಗಂಡಸರ ಬೀಡಿ. ಬೀಡಿಯನ್ನು ಸುತ್ತುವ ಒಣ ಎಲೆ ತಾನಾಗಿ ಸುಲಭವಾಗಿ ಉರಿಯದು. ಆರಿಹೋಗದಂತೆ ಸೇದುವವನು ಮತ್ತೆ ಮತ್ತೆ ಎಳೆಯಬೇಕಾಗುವುದರಿಂದ, ಗಾತ್ರದಲ್ಲಿ ಚಿಕ್ಕದಾದರೂ ಬೀಡಿಯು ಸಿಗರೇಟಿಗಿಂತ ಹೆಚ್ಚು ನಿಕೋಟಿನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಕೊಡುತ್ತದೆ. ಹತ್ತಿ ಗಿರಣಿಗಳ ಕಾಲದಿಂದ ಬೆಳೆದ ದಾವಣಗೆರೆಯ ಕೂಲಿಕಾರರ ಕೇರಿಗಳಲ್ಲಿ, 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸುತ್ತ ಬೆಳೆದ ಹರಿಹರದಲ್ಲಿ, ಒಂದೆರಡು ಕೋಣೆಗಳ ಮನೆಯಲ್ಲೇ ಅಡಿಗೆ, ಊಟ, ನಿದ್ದೆ ಎಲ್ಲವೂ ನಡೆಯುವ ಸಂಸಾರಗಳು ಅನೇಕ. ಇಂಥ ಮನೆಯಲ್ಲಿ ಬಾಗಿಲ ಬಳಿ ಕೂತು ಸೇದಿದರೂ ಹೊಗೆ ಒಳಗೇ ಸುತ್ತುತ್ತದೆ; ಆರಿದ ಮೇಲೂ ಅದರ ವಿಷ ಅಂಗಿ, ಕೌದಿ, ಕಂಬಳಿಗಳಿಗೆ ಅಂಟಿಕೊಂಡಿರುತ್ತದೆ. ಸೇದದ ಬಸುರಿ ಇನ್ನೊಬ್ಬರ ಹೊಗೆ ಕುಡಿದರೆ ಕೂಸಿನ ತೂಕ ಸರಾಸರಿ 30ರಿಂದ 40 ಗ್ರಾಂ ಇಳಿಯುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಬ್ರಿಟನ್ನಿನ ಸಂಶೋಧಕರು 2008ರಲ್ಲಿ ತಿಳಿಸಿದರು. ಗರ್ಭದಲ್ಲೇ ಕೂಸು ಸಾಯುವ ಅಪಾಯ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚುತ್ತದೆಂದು 2011ರಲ್ಲಿ ಪ್ರಕಟವಾದ ಇನ್ನೊಂದು ಪರಾಮರ್ಶೆ ತೋರಿಸಿತು.

ಎರಡನೆಯದು ಜಗಿಯುವ ಹೊಗೆಸೊಪ್ಪು. ಭದ್ರಾ ಕಾಲುವೆಯ ನೀರುಂಡು ಭತ್ತ ಬೆಳೆಯುವ ಹರಿಹರ, ದಾವಣಗೆರೆ ತಾಲ್ಲೂಕುಗಳ ಬಯಲಿನಲ್ಲಿ ನಾಟಿ, ಕಳೆಗೆ ಹೋಗುವ ಕೂಲಿ ಹೆಂಗಸರ ಸೆರಗಿನ ಗಂಟಿನಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪಿನ ಚೂರು ಇರುವುದು ಹಳೆಯ ರೂಢಿ. ಹಸಿವು ತಡೆಯುತ್ತದೆ, ಹಲ್ಲುನೋವು ಹೋಗುತ್ತದೆ, ಬಸಿರಿನ ವಾಕರಿಕೆ ನಿಲ್ಲುತ್ತದೆ ಎಂಬ ನಂಬಿಕೆಗಳು ಈ ರೂಢಿಗೆ ಬೆಂಬಲವಾಗಿವೆ. ಹೊಗೆಯಿಲ್ಲದ್ದರಿಂದ ಕೇಡಿಲ್ಲವೆಂಬ ಭ್ರಮೆಯನ್ನು ತೆಗೆದುಹಾಕಿದವರಲ್ಲಿ ಭಾರತದ ಸಂಶೋಧಕರೇ ಮುಂದಿನ ಸಾಲಿನವರು. ಪ್ರಕಾಶ ಗುಪ್ತ ಮತ್ತು ಶ್ರೀವಿದ್ಯಾ ಮುಂಬಯಿಯ 1217 ಬಸುರಿಯರನ್ನು ಹೆರಿಗೆಯವರೆಗೂ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಗಿಯುವ ತಂಬಾಕನ್ನೋ ಹುರಿದ ತಂಬಾಕಿನ ಪುಡಿಯಾದ ಮಿಶ್ರಿಯನ್ನೋ ಬಳಸುತ್ತಿದ್ದ ತಾಯಂದಿರ ಕೂಸುಗಳು ಉಳಿದವುಗಳಿಗಿಂತ ಸರಾಸರಿ 105 ಗ್ರಾಂ ಕಡಿಮೆ ತೂಗುತ್ತಿದ್ದವು, ಸುಮಾರು ಆರು ದಿನ ಮೊದಲೇ ಹುಟ್ಟುತ್ತಿದ್ದವು. ಅದೇ ತಾಯಂದಿರ ಬಗ್ಗೆ 2006ರಲ್ಲಿ ಬಂದ ವರದಿಯಂತೆ, ತಂಬಾಕು ಬಳಸುವವರಲ್ಲಿ ಸತ್ತ ಕೂಸು ಹುಟ್ಟುವ ಅಪಾಯ ಎರಡೂವರೆ ಪಟ್ಟಿಗೂ ಹೆಚ್ಚಾಗಿತ್ತು. ಜಗಿಯುವುದರಲ್ಲಿ ಹೊಗೆಯ ಅನಿಲವಿಲ್ಲ ನಿಜ; ಆದರೆ ನಿಕೋಟಿನ್ ಇದೆ, ಮಾಸಿನಲ್ಲಿ ಶೇಖರವಾಗುವ ಕ್ಯಾಡ್ಮಿಯಂ ಎಂಬ ಲೋಹವಿದೆ, ಕ್ಯಾನ್ಸರ್ ತರುವ ವಸ್ತುಗಳಿವೆ. ಸುಣ್ಣ ಬೆರೆತಾಗ ನಿಕೋಟಿನ್ ಬಾಯಿಯ ಒಳಪೊರೆಯಿಂದ ಇನ್ನೂ ಬೇಗ ರಕ್ತ ಸೇರುತ್ತದೆ.

ಚನ್ನಗಿರಿಯ ತೋಟಗಳಿಂದಾಗಿ ಅಡಿಕೆಯು ದಾವಣಗೆರೆ ಜಿಲ್ಲೆಯ ಬದುಕಿನ ಬೆಳೆ. ಕುಬುಸದ, ಅಂದರೆ ಸೀಮಂತದ, ಮಡಿಲಿಗೂ ಮದುವೆಯ ತಾಂಬೂಲಕ್ಕೂ ಅದು ಬೇಕು. ಮಂಗಳಕ್ಕಾಗಿ ಮಡಿಲಲ್ಲಿ ಇಡುವ ಅಡಿಕೆಯಿಂದ ಯಾರಿಗೂ ತೊಂದರೆಯಿಲ್ಲ. ಅದನ್ನು ಬಸುರಿ ದಿನವಿಡೀ ಜಗಿಯುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಏಕೆಂದರೆ ತಂಬಾಕು ಬೆರೆಯದ ಅಡಿಕೆಯನ್ನು ಜಗಿಯುವುದೂ ಕಡಿಮೆ ತೂಕದ ಹೆರಿಗೆಯೊಂದಿಗೆ ನಂಟು ಹೊಂದಿರುವುದನ್ನು ಅಡಿಕೆ ಜಗಿಯುವ ಇತರ ನಾಡುಗಳ ಅಧ್ಯಯನಗಳು ತೋರಿಸಿವೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿದರೂ, ಪಾನ್ ಮಸಾಲೆಯ ಒಂದು ಚೀಟಿ, ತಂಬಾಕಿನ ಇನ್ನೊಂದು ಚೀಟಿ ಎಂದು ಬೇರೆ ಬೇರೆಯಾಗಿ ಕೊಂಡು ಬೆರೆಸಿಕೊಳ್ಳುವ ಪದ್ಧತಿ ಉಳಿದಿದೆ.

ಮೂರನೆಯ ದಾರಿ ಬಡತನದ್ದು. ಹಳೇ ದಾವಣಗೆರೆಯ ಕೇರಿಗಳಲ್ಲೂ ಹರಿಹರದಲ್ಲೂ ಮನೆಯಲ್ಲೇ ಬೀಡಿ ಕಟ್ಟಿ, ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಹೆಂಗಸರಿದ್ದಾರೆ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ತೊಡೆಯ ಮೇಲಿನ ಮೊರದಲ್ಲಿ ತಂಬಾಕಿನ ಪುಡಿ ಹರಡಿಕೊಂಡು, ಬೆರಳಲ್ಲಿ ಸುತ್ತಿ ದಾರ ಕಟ್ಟುವ ಈ ಕೆಲಸದಲ್ಲಿ ಪುಡಿ ಉಸಿರಿನೊಂದಿಗೆ ಒಳಸೇರುತ್ತದೆ, ನಿಕೋಟಿನ್ ಚರ್ಮದ ಮೂಲಕ ಇಳಿಯುತ್ತದೆ. ಒಂದೂ ಬೀಡಿ ಸೇದದ ಬೀಡಿ ಕಾರ್ಮಿಕರ ಮೂತ್ರದಲ್ಲಿ ಕೋಟಿನೀನ್, ಅಂದರೆ ನಿಕೋಟಿನ್ ದೇಹದಲ್ಲಿ ಒಡೆದು ಆಗುವ ವಸ್ತು, ಕಂಡುಬಂದಿರುವುದು ಇದಕ್ಕೆ ಸಾಕ್ಷಿ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ 1966ರಷ್ಟು ಹಿಂದೆಯೇ ಬಂದಿದ್ದರೂ, ಮನೆಯೇ ಕಾರ್ಖಾನೆಯಾದಾಗ ಗಾಳಿ ಬೆಳಕಿನ ನಿಯಮಗಳು ಅಲ್ಲಿಗೆ ತಲುಪುವುದು ಕಷ್ಟ. ಇಂಥ ತಾಯಿಗೆ ಕೆಲಸ ಬಿಡೆಂದು ಹೇಳಿ ಸುಮ್ಮನಾಗುವುದು ಅನ್ಯಾಯ. ಬಸಿರಿನ ತಿಂಗಳುಗಳಲ್ಲಾದರೂ ಆಕೆಗೆ ಬೇರೆ ಕೂಲಿಯ ದಾರಿ ಮಾಡಿಕೊಡುವುದು ಸಮಾಜದ ಹೊಣೆ. ಅದು ಆಗುವವರೆಗೆ ಬಯಲಿನಲ್ಲಿ ಅಥವಾ ಕಿಟಕಿ ತೆರೆದ ಜಾಗದಲ್ಲಿ ಕೂರುವುದು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು, ಉಣ್ಣುವ ಮೊದಲು ಮತ್ತು ಕೂಸಿಗೆ ಹಾಲೂಡಿಸುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು, ಪುಡಿ ಮೆತ್ತಿದ ಸೀರೆ ಬದಲಿಸುವುದು, ತಂಬಾಕಿನ ಚೀಲವನ್ನು ಮಲಗುವ ಕೋಣೆಯಿಂದ ಹೊರಗಿಡುವುದು ಇಷ್ಟರಿಂದಲೂ ಅಪಾಯ ಸ್ವಲ್ಪ ತಗ್ಗುತ್ತದೆ.

ತಂಬಾಕಿನದಲ್ಲದ ಹೊಗೆಯನ್ನೂ ಇಲ್ಲಿ ಮರೆಯುವಂತಿಲ್ಲ. ಸೌದೆ, ಬೆರಣಿ ಉರಿಸುವ ಒಲೆಯ ಹೊಗೆಯಲ್ಲೂ ಅದೇ ಕಾರ್ಬನ್ ಮಾನಾಕ್ಸೈಡ್ ಇದೆ. ಅಂಥ ಮನೆಗಳಲ್ಲಿ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ಸುಮಾರು ಒಂದೂವರೆ ಪಟ್ಟು ಎಂದು ತಮಿಳುನಾಡಿನ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ, ಅವುಗಳ ಆಸುಪಾಸಿನಲ್ಲಿ ವಾಸಿಸುವ ಬಸುರಿಯರಿಗೂ ಈ ಎಚ್ಚರ ಅನ್ವಯಿಸುತ್ತದೆ. ಹೆರಿಗೆಯ ನಂತರ ಬಾಣಂತಿಯ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು, ಮೀಯಿಸಿದ ಕೂಸಿಗೆ ಲೋಬಾನದ ಹೊಗೆ ಹಾಕುವ ಪದ್ಧತಿ ಅಕ್ಕರೆಯಿಂದಲೇ ಬಂದದ್ದು. ಕೂಸನ್ನು ಬೆಚ್ಚಗಿಡಬೇಕೆಂಬ ಹಿರಿಯರ ತಿಳಿವಳಿಕೆ ಸರಿಯಾದದ್ದೇ. ಆದರೆ ಆ ಬಿಸುಪನ್ನು ತಾಯಿಯ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಕೂಸನ್ನು ಮಲಗಿಸಿಕೊಳ್ಳುವ ಕಾಂಗರೂ ಆರೈಕೆಯಿಂದ ಹೊಗೆಯಿಲ್ಲದೆಯೇ ಕೊಡಬಹುದು. ಕಡಿಮೆ ತೂಕದ ಕೂಸುಗಳಿಗೆ ವೈದ್ಯರು ಈಗ ಹೇಳಿಕೊಡುವುದೂ ಇದನ್ನೇ.

ಈ ವಿಷಯದಲ್ಲಿ ಭರವಸೆಗೆ ಗಟ್ಟಿಯಾದ ಆಧಾರವಿದೆ. ಬಸಿರಿನ ಮೊದಲ 15 ವಾರಗಳೊಳಗೆ ಧೂಮಪಾನ ಬಿಟ್ಟ ತಾಯಂದಿರಲ್ಲಿ ಅವಧಿಪೂರ್ವ ಹೆರಿಗೆಯೂ ಬೆಳವಣಿಗೆ ಕುಂಠಿತವಾದ ಕೂಸುಗಳೂ ಸೇದದ ತಾಯಂದಿರಲ್ಲಿರುವಷ್ಟೇ ಎಂದು ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಅಧ್ಯಯನವೊಂದು 2009ರಲ್ಲಿ ತೋರಿಸಿತು. ಆ ಗಡುವು ಮೀರಿದ ಮೇಲೆ ಬಿಟ್ಟರೂ ಲಾಭವಿದೆ. ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನಗಳಲ್ಲೇ ಇಳಿದುಹೋಗುತ್ತದೆ, ಕೂಸಿನ ತೂಕ ಹೆಚ್ಚಾಗಿ ಏರುವುದು ಕೊನೆಯ ತಿಂಗಳುಗಳಲ್ಲೇ. ಇದಕ್ಕಿಂತಲೂ ಈ ಊರುಗಳ ಸ್ಥಿತಿಗೆ ಹತ್ತಿರವಾದ ಸಾಕ್ಷ್ಯವೆಂದರೆ 2014ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಪರಾಮರ್ಶೆ: ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ಸಾರ್ವಜನಿಕ ಸ್ಥಳಗಳ ಧೂಮಪಾನವನ್ನು ಕಾಯ್ದೆಯಿಂದ ನಿಲ್ಲಿಸಿದ ಮೇಲೆ ಅವಧಿಪೂರ್ವ ಹೆರಿಗೆಗಳು ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆಯಾದವು. ಸುತ್ತಲಿನವರು ಸೇದುವುದನ್ನು ನಿಲ್ಲಿಸಿದರೆ ಕೂಸುಗಳು ದಿನ ತುಂಬಿ ಹುಟ್ಟುತ್ತವೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ. ಭಾರತದಲ್ಲಿಯೂ 2003ರ ಕಾಯ್ದೆಯ ಅಡಿಯಲ್ಲಿ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ಬಿಗಿಯಾದ ನಿಷೇಧವಿದೆ. ಆದರೆ ಆ ಕಾಯ್ದೆ ಮನೆಯ ಹೊಸ್ತಿಲು ದಾಟುವುದಿಲ್ಲ. ಬಸುರಿ ಹೆಚ್ಚು ಹೊತ್ತು ಇರುವುದು ಮಾತ್ರ ಆ ಹೊಸ್ತಿಲ ಒಳಗೇ.

ಹೊಸ್ತಿಲ ಒಳಗೆ ಹೋಗಬಲ್ಲವರು ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿಯವರು. ಬಸಿರು ಗೊತ್ತಾದೊಡನೆ ತಾಯಿ ಕಾರ್ಡ್ ಮಾಡಿಸುವ, ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೆ ಕರೆಯುವ, ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಗೆ ಕರೆದೊಯ್ಯುವ ಇವರು ಬಸುರಿಯನ್ನು ನೀನು ಸೇದುತ್ತೀಯಾ ಎಂದಷ್ಟೇ ಕೇಳಿದರೆ ಉತ್ತರ ಇಲ್ಲವೆಂದೇ ಬರುತ್ತದೆ, ಅದು ನಿಜವೂ ಆಗಿರುತ್ತದೆ. ಅದರ ಬದಲು ಮನೆಯಲ್ಲಿ ಯಾರು ಸೇದುತ್ತಾರೆ, ಎಲ್ಲಿ ಕೂತು ಸೇದುತ್ತಾರೆ, ಎಲೆ ಅಡಿಕೆಗೆ ಹೊಗೆಸೊಪ್ಪು ಸೇರುತ್ತದೆಯೇ, ಹಲ್ಲಿಗೆ ಏನು ತಿಕ್ಕುತ್ತಾರೆ, ಬೀಡಿ ಕಟ್ಟುತ್ತಾರೆಯೇ, ಒಲೆಗೆ ಏನು ಉರಿಸುತ್ತಾರೆ ಎಂದು ಕೇಳಬೇಕು. ಅತ್ತೆಯ ಎದುರು ಸೊಸೆ ಹೇಳಲು ಅಂಜುವ ಮಾತನ್ನು ಬೇರೆಯಾಗಿ ಕೂರಿಸಿ ಕೇಳಬೇಕು, ಗದರದೆ ಕೇಳಬೇಕು. ಚಟ ಬಿಡಲು ಬಯಸುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಬಸುರಿಯರಿಗೆ ಮಾತಿನ ಮೂಲಕ ಕೊಡುವ ಸಲಹೆ, ಬೆಂಬಲವೇ ಮೊದಲ ಚಿಕಿತ್ಸೆ. ನಿಕೋಟಿನ್ ಚ್ಯೂಯಿಂಗ್ ಗಮ್ಮಿನಂಥವನ್ನು ವೈದ್ಯರ ಮಾತಿಲ್ಲದೆ ಬಳಸಬಾರದು.

ದಾವಣಗೆರೆಗೆ ವೈದ್ಯರ ಕೊರತೆಯಿಲ್ಲ. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇವುಗಳಿಂದಾಗಿ ಸುತ್ತಲ ಜಿಲ್ಲೆಗಳವರೂ ಎಳೆಗೂಸುಗಳನ್ನು ಎತ್ತಿಕೊಂಡು ಇಲ್ಲಿಗೆ ಬರುತ್ತಾರೆ. ಹುಟ್ಟಿದ ಮೇಲೆ ಕೂಸನ್ನು ಉಳಿಸಿಕೊಳ್ಳುವ ವಿದ್ಯೆ ಈ ಊರಿಗೆ ಒದಗಿದೆ; ಕೂಸು ತೂಕ ಕಳೆದುಕೊಳ್ಳದೆ ಹುಟ್ಟುವಂತೆ ಮಾಡುವ ಕೆಲಸ ಆಸ್ಪತ್ರೆಯಿಂದ ಮಾತ್ರ ಆಗುವಂಥದ್ದಲ್ಲ. ಅದು ತಂದೆಯಾಗಲಿರುವವನ, ಮಾವನ, ಮೈದುನನ ಕೈಯಲ್ಲಿದೆ. ಬಸುರಿಗೆ ಹಾಲು, ಹಣ್ಣು, ಸೊಪ್ಪು ತಂದುಕೊಡುವ ಅಕ್ಕರೆಯ ಗಂಡಸರು, ತಾಯಿ ಕಾರ್ಡ್ ಮನೆಗೆ ಬಂದ ದಿನದಿಂದಲೇ ಬೀಡಿ ಪೊಟ್ಟಣವನ್ನು ಮನೆಯೊಳಗೆ ತರದಿರುವ, ಸಾಧ್ಯವಾದರೆ ಆ ಚಟವನ್ನೇ ಬಿಡುವ ನಿರ್ಧಾರ ಮಾಡಬೇಕು, ಮುಂದಿನ ತಿಂಗಳ 9ರ ತಪಾಸಣೆಗೆ ತಾವೂ ಜೊತೆಯಲ್ಲಿ ಹೋಗಿ ವೈದ್ಯರ ಪ್ರಶ್ನೆಗಳಿಗೆ ತಾವೇ ಉತ್ತರ ಕೊಡಬೇಕು.